ಹಳೆ ಸೈಕಲ್ಲಿಗೆ ಹೊಸ ಬ್ರೇಕ್: ಮೊದಲು ರಿಮ್ ನೋಡಿ

ಮಳೆಯಲ್ಲಿ ರಾಡ್ ಬ್ರೇಕಿನ ಸೈಕಲ್ ಹೊಡೆದವರಿಗೆ ಇದು ಗೊತ್ತಿರುತ್ತದೆ. ಎರಡೂ ಹಿಡಿಕೆ ಬಿಗಿಯಾಗಿ ಒತ್ತಿದ್ದೀರಿ, ಗಾಲಿ ಮಾತ್ರ ಮಾತು ಕೇಳುತ್ತಿಲ್ಲ. ರಬ್ಬರು ಮೊದಲು ರಿಮ್ಮಿನ ಮೇಲಿನ ನೀರು ಒರೆಸುತ್ತದೆ, ಒಂದೆರಡು ಸುತ್ತು ಕಳೆದ ಮೇಲೆ ಕಚ್ಚತೊಡಗುತ್ತದೆ. 28 ಇಂಚಿನ ಗಾಲಿಯ ಒಂದು ಸುತ್ತೆಂದರೆ ಸುಮಾರು ಎರಡೂಕಾಲು ಮೀಟರ್. ಎರಡು ಸುತ್ತು ಮುಗಿಯುವುದರೊಳಗೆ ಎದುರಿಗೆ ಆಟೊ ಅಡ್ಡ ಬಂದು ನಿಂತಿರುತ್ತದೆ.

ಗೋಪನಕೊಪ್ಪ ಹಳ್ಳಿಯಾಗಿದ್ದ ಕಾಲಕ್ಕೆ ಆ ಬ್ರೇಕು ಸಾಕಾಗಿತ್ತು. ದಾರಿಯಲ್ಲಿ ಸಿಗುತ್ತಿದ್ದದ್ದು ಚಕ್ಕಡಿ, ಎಮ್ಮೆ, ಇನ್ನೊಂದು ಸೈಕಲ್. ಈಗ ಗೋಪನಕೊಪ್ಪ ಹುಬ್ಬಳ್ಳಿ ಶಹರದ ಒಂದು ಭಾಗ. ಇಲ್ಲಿಂದ ಬೆಂಗೇರಿ, ಕೇಶ್ವಾಪುರ ಹಾಯ್ದು ರೈಲ್ವೆ ಸ್ಟೇಶನ್ ಮುಟ್ಟುವಷ್ಟರಲ್ಲಿ ಬೈಕು, ಟಂಟಂ, ಶಾಲೆಯ ಬಸ್ಸು, ಮರಳಿನ ಲಾರಿ ಎಲ್ಲವೂ ಮೈಗೆ ಉಜ್ಜಿಕೊಂಡೇ ಹೋಗುತ್ತವೆ. ಧಾರವಾಡದ ಹಾದಿ ಹಿಡಿದರೆ ಚಿಗರಿ ಬಸ್ಸಿಗೆ ಪ್ರತ್ಯೇಕ ಮಾರ್ಗ. ಉಳಿದ ಜಾಗದಲ್ಲಿ ಮಿಕ್ಕವರೆಲ್ಲರ ಅವಸರ. ರಸ್ತೆ ಬದಲಾಯಿತು, ಸೈಕಲ್ಲಿನ ಬ್ರೇಕು ಬದಲಾಗಲಿಲ್ಲ.

ಆದರೂ ಹಳೆ ಸೈಕಲ್ಲನ್ನು ಗುಜರಿಗೆ ಹಾಕಿ ಎಂದು ನಾನು ಹೇಳುವುದಿಲ್ಲ. 1949ರಲ್ಲಿ ಮದರಾಸಿನ ಅಂಬತ್ತೂರಿನಲ್ಲಿ ಶುರುವಾದ ಟಿ.ಐ. ಕಂಪನಿಯ ಹರ್ಕ್ಯುಲಿಸ್, ಸೋನಿಪತ್‌ನ ಅಟ್ಲಾಸ್, ಲುಧಿಯಾನದ ಹೀರೊ, ಏವನ್ – ಈ ಕರಿ ಸೈಕಲ್ಲುಗಳ ಚೌಕಟ್ಟು ಗಟ್ಟಿ ಉಕ್ಕಿನದು. ನಲವತ್ತು ವರ್ಷ ಕಾಳಿನ ಚೀಲ, ಹಾಲಿನ ಕ್ಯಾನು, ಮಕ್ಕಳು ಮರಿ ಹೊತ್ತರೂ ಸುಲಭಕ್ಕೆ ಬಾಗಿರುವುದಿಲ್ಲ. ಅಂಥ ಚೌಕಟ್ಟಿಗೆ ಇವತ್ತಿನ ರಸ್ತೆಗೆ ತಕ್ಕ ಬ್ರೇಕು ಕೂಡಿಸಬಹುದು. ಆದರೆ ಅಂಗಡಿಗೆ ಹೋಗಿ ಬ್ರೇಕ್ ಕೊಂಡು ತಂದರೆ ಮುಗಿಯುವ ಕೆಲಸ ಇದಲ್ಲ. ನಾನು ಮೊದಲ ಸಲ ಹಾಗೇ ಮಾಡಿದ್ದೆ. ಚಂದ ಹೊಳೆಯುವ ಒಂದು ಜೊತೆ ಕ್ಯಾಲಿಪರ್ ತಂದು ಫೋರ್ಕಿಗೆ ಹಿಡಿದು ನೋಡಿದರೆ ಅದರ ಶೂ ರಿಮ್ಮಿಗಿಂತ ಒಂದೂವರೆ ಸೆಂಟಿಮೀಟರ್ ಮೇಲೆ, ಟಯರಿನ ಪಕ್ಕಕ್ಕೆ ಬಂದು ನಿಂತಿತು. ಟಯರಿಗೆ ಉಜ್ಜುವ ಬ್ರೇಕು ಬ್ರೇಕೇ ಇಲ್ಲದ್ದಕ್ಕಿಂತ ಕೆಟ್ಟದ್ದು. ಟಯರ್ ಹರಿದು ಟ್ಯೂಬ್ ಸಿಡಿಯುತ್ತದೆ. ಆ ಜೊತೆಯನ್ನು ಹಾಗೇ ಎತ್ತಿಟ್ಟೆ. ಆಗ ನಮ್ಮ ಓಣಿಯ ಮೇಸ್ತ್ರಿ ಹೇಳಿದ ಮಾತು ಇಷ್ಟೇ: "ಮೊದ್ಲ ರಿಮ್ ನೋಡ್ರಿ, ಆಮ್ಯಾಲ ಬ್ರೇಕ್ ತಗೋರಿ." ಈ ಲೇಖನದ ಸಾರವೆಲ್ಲ ಆ ಮಾತಿನಲ್ಲಿದೆ.

ರಾಡ್ ಬ್ರೇಕಿನ ರಿಮ್ ಬೇರೆಯದೇ ಜಾತಿ

ಕರಿ ಸೈಕಲ್ಲಿನ ಗಾಲಿಯನ್ನು ಒಮ್ಮೆ ಕೈಯಿಂದ ಸವರಿ ನೋಡಿ. ರಿಮ್ಮಿನ ಪಕ್ಕ ಚಪ್ಪಟೆ ಇಲ್ಲ, ಉರುಟಾಗಿದೆ. ಇದಕ್ಕೆ ವೆಸ್ಟ್‌ವುಡ್ ರಿಮ್ ಎಂದು ಹೆಸರು. ಹಿಡಿಕೆ ಒತ್ತಿದಾಗ ಕಬ್ಬಿಣದ ಸಲಾಕೆ ಕುದುರೆ ಲಾಳದ ಆಕಾರದ ಕೊಂಡಿಯನ್ನು ಮೇಲಕ್ಕೆ ಎಳೆಯುತ್ತದೆ. ಕೊಂಡಿಯ ಎರಡು ತುದಿಯಲ್ಲಿರುವ ರಬ್ಬರು ರಿಮ್ಮಿನ ಒಳಮೈಗೆ, ಅಂದರೆ ಕಡ್ಡಿಗಳು ಕೂಡುವ ಮೈಗೆ, ಕೆಳಗಿನಿಂದ ಒತ್ತುತ್ತದೆ. ಈಗಿನ ಕ್ಯಾಲಿಪರ್ ಬ್ರೇಕ್ ಹಾಗಲ್ಲ. ಅದು ಚಿಮಟಿಗೆಯ ಹಾಗೆ ರಿಮ್ಮನ್ನು ಎರಡೂ ಪಕ್ಕದಿಂದ ಹಿಡಿಯುತ್ತದೆ. ಉರುಟು ಪಕ್ಕದ ಮೇಲೆ ಅದರ ಶೂ ಕೂಡುವುದಿಲ್ಲ, ಜಾರುತ್ತದೆ. ಹೀಗಾಗಿ ವೆಸ್ಟ್‌ವುಡ್ ರಿಮ್ ಇಟ್ಟುಕೊಂಡು ಕ್ಯಾಲಿಪರ್ ಹಾಕುವ ಮಾತೇ ಇಲ್ಲ.

ಎರಡನೆಯ ಸಂಗತಿ ಲೋಹದ್ದು. ಹಳೆ ರಿಮ್ ಉಕ್ಕಿನದು, ಮೇಲೆ ಕ್ರೋಮಿಯಂ ಲೇಪ. ಒಣಗಿದ್ದಾಗ ರಬ್ಬರು ಅದರ ಮೇಲೆ ತಕ್ಕಮಟ್ಟಿಗೆ ಹಿಡಿಯುತ್ತದೆ. ಒದ್ದೆಯಾದರೆ ಕನ್ನಡಿಯ ಮೇಲೆ ಕೈ ಜಾರಿದ ಹಾಗೆ. ಅಲ್ಯೂಮಿನಿಯಂ ರಿಮ್ ಒದ್ದೆಯಾದಾಗಲೂ ಹಿಡಿತ ಪೂರ್ತಿ ಬಿಡುವುದಿಲ್ಲ. ನೀವು ಎಷ್ಟು ದುಬಾರಿ ಬ್ರೇಕ್ ತಂದರೂ ಕ್ರೋಮಿಯಂ ರಿಮ್ ಹಾಗೇ ಇದ್ದರೆ ಮಳೆಗಾಲದಲ್ಲಿ ಹಳೆ ಕಥೆಯೇ. ಸಾಧಾರಣ ಬ್ರೇಕಿಗೆ ಅಲ್ಯೂಮಿನಿಯಂ ರಿಮ್ ಜೊತೆಯಾದರೆ ಸೈಕಲ್ಲಿನ ಗುಣವೇ ಬದಲಾಗುತ್ತದೆ. ಹಣ ಕಡಿಮೆ ಇದ್ದವರು ಮೊದಲು ಖರ್ಚು ಮಾಡಬೇಕಾದದ್ದು ರಿಮ್ಮಿಗೆ.

ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ಒಂದು ಲೆಕ್ಕ ಹಾಕಿ ನೋಡೋಣ. ತಾಸಿಗೆ 20 ಕಿ.ಮೀ. ವೇಗದಲ್ಲಿರುವ ಸೈಕಲ್ ಸೆಕೆಂಡಿಗೆ ಐದೂವರೆ ಮೀಟರ್ ಓಡುತ್ತದೆ. ಬ್ರೇಕು ಈ ವೇಗವನ್ನು ಪ್ರತಿ ಸೆಕೆಂಡಿಗೆ 3 ಮೀಟರಿನಷ್ಟು ಇಳಿಸಬಲ್ಲದಾದರೆ ಸೈಕಲ್ ಸುಮಾರು 5 ಮೀಟರಿನಲ್ಲಿ ನಿಲ್ಲುತ್ತದೆ. ಹಿಡಿತ ಅದರ ಅರ್ಧಕ್ಕೆ ಇಳಿದರೆ 10 ಮೀಟರ್ ಬೇಕು. ಕಣ್ಣು ಕಂಡು ಕೈ ಒತ್ತುವ ಒಂದು ಸೆಕೆಂಡಿನಲ್ಲೇ ಐದೂವರೆ ಮೀಟರ್ ಹೋಗಿರುತ್ತದೆ, ಅದು ಬೇರೆ. ಒಂದು ಆಟೊದ ಉದ್ದ ಮೂರು ಮೀಟರಿಗೆ ಅತ್ತಿತ್ತ. ಉಳಿದದ್ದನ್ನು ನೀವೇ ಎಣಿಸಿಕೊಳ್ಳಿ.

ಟಯರಿನ ಮೇಲಿನ ಅಂಕಿ ಓದಿ

ಅಂಗಡಿಗೆ ಹೋಗುವ ಮೊದಲು ಟಯರಿನ ಪಕ್ಕವನ್ನು ಒರೆಸಿ ಅಲ್ಲಿ ಬರೆದ ಅಂಕಿ ಓದಿ. 28 ಇಂಚು, 26 ಇಂಚು ಎಂಬ ಮಾತನ್ನು ನಂಬಿ ಹೋಗಬೇಡಿ. ಒಂದೇ ಇಂಚಿನ ಹೆಸರಿನಲ್ಲಿ ಒಂದಕ್ಕೊಂದು ಹೊಂದದ ಹಲವು ಗಾಲಿಗಳಿವೆ. ನೋಡಬೇಕಾದದ್ದು ಮಿಲಿಮೀಟರಿನ ಅಂಕಿ. ಕರಿ ಸೈಕಲ್ಲಿನ 28 x 1½ ಟಯರಿನ ಮೇಲೆ 40-635 ಎಂದಿರುತ್ತದೆ. 40 ಎಂದರೆ ಟಯರಿನ ದಪ್ಪ, 635 ಎಂದರೆ ಅದು ಕೂಡುವ ರಿಮ್ಮಿನ ವ್ಯಾಸ. ಎಂಬತ್ತು ತೊಂಬತ್ತರ ದಶಕದ ಹಗುರ ಸೈಕಲ್ಲುಗಳ 26 x 1⅜ ಟಯರಿನ ಮೇಲೆ 37-590 ಎಂದಿರುತ್ತದೆ. ಈಗಿನ ಹೈಬ್ರಿಡ್ ಸೈಕಲ್ಲಿನ 700 ಸಿ ಗಾಲಿ 622. ಈಗಿನ ಎಂ.ಟಿ.ಬಿ.ಯ 27.5 ಇಂಚು 584, ಹಳೆ ಎಂ.ಟಿ.ಬಿ.ಯ 26 ಇಂಚು 559.

ಈ ಅಂಕಿಗಳಲ್ಲೇ ದಾರಿಯೂ ಇದೆ. 635ರ ಅಲ್ಯೂಮಿನಿಯಂ ರಿಮ್ ನಮ್ಮ ಕಡೆ ಹುಡುಕಿದರೂ ಸಿಗುವುದು ಕಷ್ಟ. 622ರದ್ದು ಹೈಬ್ರಿಡ್ ಸೈಕಲ್ಲುಗಳಿಂದಾಗಿ ಎಲ್ಲ ದೊಡ್ಡ ಅಂಗಡಿಗಳಲ್ಲೂ ಸಿಗುತ್ತದೆ. ಎರಡರ ನಡುವಿನ ವ್ಯತ್ಯಾಸ 13 ಮಿ.ಮೀ., ಅಂದರೆ ಬ್ರೇಕಿನ ಶೂ ಆರೂವರೆ ಮಿ.ಮೀ. ಮಾತ್ರ ಕೆಳಗೆ ಇಳಿಯಬೇಕು. ಗಾಲಿ ಚಿಕ್ಕದಾಗುವುದರಿಂದ ಮಡ್‌ಗಾರ್ಡಿನೊಳಗೆ ಜಾಗ ಹೆಚ್ಚೇ ಆಗುತ್ತದೆ. ಹಾಗೆಯೇ 590ರ ಬದಲು 584 ಹಾಕಿದರೆ ಶೂ ಇಳಿಯಬೇಕಾದದ್ದು ಬರೀ 3 ಮಿ.ಮೀ. ಆದರೆ 590ರ ಜಾಗಕ್ಕೆ 559 ಹಾಕಲು ಹೋಗಬೇಡಿ. ಹದಿನೈದೂವರೆ ಮಿ.ಮೀ. ವ್ಯತ್ಯಾಸವಾಗುತ್ತದೆ, ಅಷ್ಟು ಕೆಳಗೆ ಮುಟ್ಟುವ ಕ್ಯಾಲಿಪರ್ ಸಿಗುವುದಿಲ್ಲ, ಪೆಡಲ್ ಕೂಡ ನೆಲಕ್ಕೆ ಹತ್ತಿರವಾಗುತ್ತದೆ.

ಇನ್ನೊಂದು ಎಣಿಕೆ ಕಡ್ಡಿಯದು. ನಮ್ಮ ಕರಿ ಸೈಕಲ್ಲಿಗೆ ಇಂಗ್ಲಿಷರ ಪದ್ಧತಿಯಂತೆ ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40. ಈಗಿನ ರಿಮ್ಮುಗಳು ಹೆಚ್ಚಾಗಿ 32 ಅಥವಾ 36 ತೂತಿನವು. ಮುಂದಿನ ಗಾಲಿಗೆ ಇದರಿಂದ ಅನುಕೂಲವೇ ಆಯಿತು. ಹಳೆ ಹಬ್ಬನ್ನೇ ಇಟ್ಟುಕೊಂಡು 32 ತೂತಿನ 622 ಅಲ್ಯೂಮಿನಿಯಂ ರಿಮ್ ಕಟ್ಟಿಸಬಹುದು. ಕಡ್ಡಿ ಮಾತ್ರ ಹಳೆಯವು ನಡೆಯುವುದಿಲ್ಲ, ಉದ್ದವಾಗುತ್ತವೆ. ಹಬ್ ಮತ್ತು ರಿಮ್ ಎರಡನ್ನೂ ಅಳೆದು ಹೊಸವು ತರಿಸಬೇಕು. ಹಬ್ ಹಳೆಯದೇ ಆದ್ದರಿಂದ ಫೋರ್ಕಿನ ಅಗಲದ ತಕರಾರೂ ಏಳುವುದಿಲ್ಲ. ಹಿಂದಿನ 40 ತೂತಿಗೆ ಮಾತ್ರ ಜೊತೆ ಸಿಗುವುದಿಲ್ಲ. ಅಲ್ಲಿ 36 ತೂತಿನ ಹೊಸ ಹಬ್, ಹೊಸ ರಿಮ್ ಎರಡೂ ಬೇಕು.

ಅಳತೆ: ತೂತಿನಿಂದ ರಿಮ್ಮಿನವರೆಗೆ

ಕ್ಯಾಲಿಪರ್ ಕೊಳ್ಳುವಾಗ ಕೇಳಬೇಕಾದ ಒಂದೇ ಪ್ರಶ್ನೆ ಅದರ ಚಾಚು ಎಷ್ಟು ಎಂಬುದು. ಮೇಸ್ತ್ರಿಗಳು ರೀಚ್ ಎನ್ನುತ್ತಾರೆ. ಫೋರ್ಕಿನ ತಲೆಯಲ್ಲಿ ಬೋಲ್ಟು ಹಾಯುವ ತೂತಿನ ನಡುವಿನಿಂದ ರಿಮ್ಮಿನ ಪಕ್ಕದ ನಡುಮಧ್ಯಕ್ಕೆ ನೇರವಾಗಿ ಕೆಳಗೆ ಅಳೆಯಿರಿ. ಅಳೆಯುವಾಗ ಮುಂದೆ ಹಾಕಲಿರುವ ಗಾಲಿಯೇ ಕೂತಿರಬೇಕು. ಅದು ಕೈಯಲ್ಲಿಲ್ಲದಿದ್ದರೆ ಹಳೆ ಗಾಲಿಯ ಅಳತೆಗೆ ಮೇಲೆ ಹೇಳಿದ ಆರೂವರೆಯನ್ನೋ ಮೂರನ್ನೋ ಕೂಡಿಸಿ. ಈಗಿನ ರೇಸ್ ಸೈಕಲ್ಲಿನ ಸಾಮಾನ್ಯ ಕ್ಯಾಲಿಪರಿನ ಚಾಚು 39ರಿಂದ 49 ಮಿ.ಮೀ. ನನ್ನ ಮೊದಲ ಜೊತೆ ಅದೇ ಜಾತಿಯದಾಗಿತ್ತು. ಮಧ್ಯಮ ಚಾಚಿನವು 47ರಿಂದ 57. ಹಳೆ ಸೈಕಲ್ಲಿಗೆ ಬೇಕಾದದ್ದು ಉದ್ದ ಚಾಚಿನವು. ತೈವಾನಿನ ಟೆಕ್ಟ್ರೊ ಕಂಪನಿಯ ಆರ್ 559 ಎಂಬ ಮಾದರಿ 55ರಿಂದ 73 ಮಿ.ಮೀ. ಮುಟ್ಟುತ್ತದೆ. ಇದು ಎರಡು ತಿರುಗಣಿಯ ಕ್ಯಾಲಿಪರ್. ಎರಡು ತೋಳುಗಳಿಗೂ ಬೇರೆ ಬೇರೆ ತಿರುಗಣಿ ಇರುವುದರಿಂದ ಅಷ್ಟೇ ಬೆರಳ ಬಲಕ್ಕೆ ಹೆಚ್ಚು ಹಿಡಿತ ಸಿಗುತ್ತದೆ, ಒಂದು ಕಡೆಗೆ ವಾಲುವುದೂ ಕಡಿಮೆ. ನನ್ನ ಸೈಕಲ್ಲಿನ ಮುಂದಿನ ಅಳತೆ ಹಳೆ ಗಾಲಿಯಲ್ಲಿ 64 ಇತ್ತು, 622ರಲ್ಲಿ ಎಪ್ಪತ್ತೂವರೆ ಆಯಿತು. ಕ್ಯಾಲಿಪರಿನ ಚಾಚಿನೊಳಗೆ ಸರಿಯಾಗಿ ಕೂತಿತು.

ಬೋಲ್ಟಿನದು ಸಣ್ಣ ಸಂಗತಿ, ಆದರೆ ಇಲ್ಲಿ ಬಹಳ ಜನ ಸಿಕ್ಕಿಬೀಳುತ್ತಾರೆ. ಹಳೆ ಫೋರ್ಕಿನಲ್ಲಿ 6 ಮಿ.ಮೀ. ಬೋಲ್ಟು ಆರಪಾರ ಹಾಯ್ದು ಹಿಂದೆ ನಟ್ಟು ಕೂಡುತ್ತದೆ. ಈಗಿನ ಕ್ಯಾಲಿಪರಿನ ಬೋಲ್ಟು ಗಿಡ್ಡ. ಅದರ ನಟ್ಟು ಕೊಳವೆಯಂತಿದ್ದು ಫೋರ್ಕಿನೊಳಗೇ ಹೊಕ್ಕು ಕೂಡುತ್ತದೆ. ಅದಕ್ಕೆ ಹಿಂಬದಿಯ ತೂತು 8 ಮಿ.ಮೀ. ಬೇಕು. ಉದ್ದ ಬೋಲ್ಟು ಮತ್ತು ಹೊರನಟ್ಟಿನ ಮಾದರಿ ಕೇಳಿ ಪಡೆಯುವುದು ಎಲ್ಲಕ್ಕಿಂತ ಒಳ್ಳೆಯದು. ಸಿಗದಿದ್ದರೆ ಫೋರ್ಕಿನ ಹಿಂದಿನ ಗೋಡೆಯನ್ನು ಮಾತ್ರ 8ಕ್ಕೆ ಹಿಗ್ಗಿಸಬಹುದು, ಮುಂದಿನ ಗೋಡೆ ಮುಟ್ಟಬಾರದು. ತೂತೇ ಇಲ್ಲದ ಫೋರ್ಕಿಗೆ ಹೊಸದಾಗಿ ಡ್ರಿಲ್ ಹೊಡೆಯಲು ನಾನು ಒಪ್ಪುವುದಿಲ್ಲ. ಇಡೀ ಸೈಕಲ್ಲಿನಲ್ಲಿ ಬ್ರೇಕಿನ ಬಲವೆಲ್ಲ ಬಂದು ಬೀಳುವ ಜಾಗ ಅದು. ಮಡ್‌ಗಾರ್ಡಿಗೆಂದು ಕಂಪನಿಯವರೇ ಮಾಡಿದ ತೂತು ಇದ್ದರೆ ಅದನ್ನು ಬಳಸಿ. ಇಲ್ಲದಿದ್ದರೆ ಮುಂದೆ ಹೇಳುವ ಹಬ್ ಬ್ರೇಕಿನ ದಾರಿ ಹಿಡಿಯಿರಿ.

ಅರ್ಧ ಕೆಲಸವೂ ದೊಡ್ಡ ಕೆಲಸ

"ಮುಂದಿನ ಬ್ರೇಕ್ ಹಿಡಿಬ್ಯಾಡ, ಮಕಾಡೆ ಬೀಳ್ತಿ" ಎಂದು ಹೆದರಿಸಿಯೇ ನಮ್ಮಲ್ಲಿ ಮಕ್ಕಳಿಗೆ ಸೈಕಲ್ ಕಲಿಸುತ್ತಾರೆ. ಬಾಡಿಗೆ ಸೈಕಲ್ಲಿನಲ್ಲಿ ಒಳಗಾಲು ಹಾಕಿ ಕಲಿತ ನಮಗೆಲ್ಲ ಆ ಹೆದರಿಕೆ ಮೈಯಲ್ಲಿ ಕೂತಿದೆ. ಸೈಕಲ್ ನಿಲ್ಲಿಸುವುದು ಮಾತ್ರ ಮುಂದಿನ ಬ್ರೇಕೇ. ಬ್ರೇಕ್ ಹಿಡಿದ ಕೂಡಲೇ ಭಾರವೆಲ್ಲ ಮುಂದಕ್ಕೆ ಸರಿದು ಮುಂದಿನ ಗಾಲಿಯನ್ನು ನೆಲಕ್ಕೆ ಒತ್ತುತ್ತದೆ, ಹಿಂದಿನ ಗಾಲಿ ಹಗುರಾಗುತ್ತದೆ. ಹಗುರಾದ ಗಾಲಿ ಎಷ್ಟು ಹಿಡಿದರೂ ಜಾರುತ್ತದೆ ಹೊರತು ನಿಲ್ಲಿಸುವುದಿಲ್ಲ. ಕರಿ ಸೈಕಲ್ಲಿನ ಎರಡು ಗಾಲಿಗಳ ನಡುವಿನ ಅಂತರ ಹೆಚ್ಚು, ಕೂರುವ ಜಾಗ ಹಿಂದಕ್ಕಿದೆ. ಸಣ್ಣ ಸೈಕಲ್ಲಿಗಿಂತ ಇದು ಮುಗ್ಗರಿಸುವುದು ಕಡಿಮೆಯೇ. ಒಮ್ಮೆಗೇ ಹಿಸುಕದೆ ಒತ್ತುತ್ತಾ ಹೋಗುವುದನ್ನು ಕೈಗೆ ಕಲಿಸಬೇಕು, ಅಷ್ಟೇ.

ಆದ್ದರಿಂದ ಎಲ್ಲವನ್ನೂ ಒಮ್ಮೆಗೇ ಮಾಡಿಸಲು ಆಗದವರಿಗೆ ನನ್ನ ಸಲಹೆ: ಮುಂದಿನ ಗಾಲಿಯೊಂದನ್ನೇ ಬದಲಿಸಿ. ಮುಂದೆ 622ರ ಅಲ್ಯೂಮಿನಿಯಂ ರಿಮ್, ಉದ್ದ ಚಾಚಿನ ಕ್ಯಾಲಿಪರ್. ಹಿಂದೆ ಹಳೆ ಗಾಲಿ, ಹಳೆ ರಾಡ್ ಬ್ರೇಕ್ ಇದ್ದಂತೆ ಇರಲಿ. ಮುಂದಿನ ಗಾಲಿ ಆರೂವರೆ ಮಿ.ಮೀ. ತಗ್ಗಾದದ್ದು ಹೊಡೆಯುವವರಿಗೆ ಗೊತ್ತಾಗುವುದಿಲ್ಲ. ಹ್ಯಾಂಡಲಿನ ಬಲಗಡೆಯ ರಾಡಿನ ಹಿಡಿಕೆ, ಸಲಾಕೆ, ಕೊಂಡಿ ಬಿಚ್ಚಿ ತೆಗೆದು ಅಲ್ಲಿ ವೈರಿನ ಹಿಡಿಕೆ ಕೂಡಿಸಬಹುದು. ಹ್ಯಾಂಡಲಿನ ಕೊಳವೆ ಸಾಮಾನ್ಯವಾಗಿ 22 ಮಿ.ಮೀ. ದಪ್ಪವಿರುವುದರಿಂದ ಈಗಿನ ಹಿಡಿಕೆ ಕೂಡುತ್ತದೆ. ನಮ್ಮಲ್ಲಿ ಬಲಗೈ ಮುಂದಿನ ಬ್ರೇಕಿಗೆ, ಎಡಗೈ ಹಿಂದಿನದಕ್ಕೆ. ಅಭ್ಯಾಸವಾದ ಕೈಯನ್ನು ಬದಲಿಸಬೇಡಿ. ಗಾಬರಿಯಲ್ಲಿ ಕೈ ಹಳೆಯದನ್ನೇ ಮಾಡುತ್ತದೆ.

ಹಿಂದಿನ ಗಾಲಿಗೆ ನಾನು ಕ್ಯಾಲಿಪರ್ ಶಿಫಾರಸು ಮಾಡುವುದಿಲ್ಲ. ಕರಿ ಸೈಕಲ್ಲಿನ ಹಿಂದಿನ ಸೇತುವೆ, ಅಂದರೆ ಕ್ಯಾಲಿಪರ್ ಕೂಡಿಸುವ ಅಡ್ಡಕೊಳವೆ, ಗಾಲಿಯಿಂದ ಬಹಳ ದೂರದಲ್ಲಿರುತ್ತದೆ. 622ರ ಗಾಲಿ ಹಾಕಿದರೆ ಇನ್ನೂ ದೂರವಾಗಿ ಉದ್ದ ಚಾಚಿನ ಕ್ಯಾಲಿಪರಿಗೂ ಎಟುಕದೆ ಹೋಗಬಹುದು. ಅಲ್ಲಿ ಕೋಸ್ಟರ್ ಬ್ರೇಕ್ ಚೆನ್ನಾಗಿ ಹೊಂದುತ್ತದೆ. ಹಿಡಿಕೆಯೂ ಇಲ್ಲ, ವೈರೂ ಇಲ್ಲ. ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಬ್ಬಿನೊಳಗೇ ಬ್ರೇಕ್ ಹಿಡಿಯುತ್ತದೆ. ಇಂಥ ಹಬ್ಬು 110 ಮಿ.ಮೀ. ಅಗಲದ ಮಾದರಿಯಲ್ಲಿ ಬರುತ್ತದೆ. ಹಳೆ ಚೌಕಟ್ಟಿನ ಹಿಂದಿನ ಅಗಲ ಅದಕ್ಕೆ ಹತ್ತಿರ. ಗಾಲಿ ಕೂಡುವ ಕಚ್ಚು ಅಡ್ಡಲಾಗಿ ಇರುವುದರಿಂದ ಚೈನು ಬಿಗಿ ಮಾಡುವುದೂ ಸುಲಭ. ಹಬ್ಬಿನಿಂದ ಹೊರಬರುವ ಉದ್ದ ಪಟ್ಟಿಯನ್ನು ಚೌಕಟ್ಟಿನ ಕೆಳಕೊಳವೆಗೆ ಪಟ್ಟಾ ಹಾಕಿ ಬಿಗಿಯಲೇಬೇಕು. ಅದು ಸಡಿಲಾದರೆ ಪಟ್ಟಿಯೇ ತಿರುಗಿ ಗಾಲಿ ಕಚ್ಚಿಕೊಳ್ಳುತ್ತದೆ. ಚೈನು ಬಿದ್ದರೆ ಈ ಬ್ರೇಕು ಇಲ್ಲ. ಅದಕ್ಕೇ ಮುಂದಿನ ಬ್ರೇಕ್ ಒಳ್ಳೆಯದು ಇಲ್ಲದೆ ಕೋಸ್ಟರ್ ಹಾಕಬಾರದು. ಹುಬ್ಬಳ್ಳಿಯ ಏರಿಳಿತಕ್ಕೆ ಇದು ಧಾರಾಳ ಸಾಕು. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವ ಮನಸ್ಸಿದ್ದವರು ಮಾತ್ರ ಕೋಸ್ಟರನ್ನು ನಂಬಿ ಹೋಗಬೇಡಿ. ಉದ್ದ ಇಳಿಜಾರಿನಲ್ಲಿ ಹಬ್ಬು ಕಾಯುತ್ತದೆ, ಒಳಗಿನ ಗ್ರೀಸು ಕರಗಿ ಸುಟ್ಟು ಹಿಡಿತ ಹೋಗುತ್ತದೆ.

ಹಾಲಿನ ಕ್ಯಾನು, ಕಾಯಿಪಲ್ಲೆ, ಸಿಲಿಂಡರು ಹೊರುವ ಸೈಕಲ್ಲಿನ ಮಾತು ಬೇರೆ. ಅದಕ್ಕೆ ಡ್ರಮ್ ಬ್ರೇಕ್ ಆಗಬೇಕು. 1902ರಲ್ಲಿ ನಾಟಿಂಗ್‌ಹ್ಯಾಮಿನಲ್ಲಿ ಶುರುವಾಗಿ 2000ದಲ್ಲಿ ತೈವಾನಿನವರ ಕೈಸೇರಿದ ಸ್ಟರ್ಮಿ-ಆರ್ಚರ್ ಇಂದಿಗೂ 70 ಮತ್ತು 90 ಮಿ.ಮೀ. ಡ್ರಮ್ಮಿನ ಹಬ್ಬು ಮಾಡುತ್ತದೆ. ಬ್ರೇಕಿನ ಶೂ ಡ್ರಮ್ಮಿನೊಳಗೆ ಇರುವುದರಿಂದ ಮಳೆ, ಕೆಸರು ಯಾವುದೂ ಮುಟ್ಟುವುದಿಲ್ಲ. ನಮ್ಮ ಎರೆಮಣ್ಣಿನ ಸೀಮೆಗೆ ಇದರಷ್ಟು ಯೋಗ್ಯವಾದ ಬ್ರೇಕು ಇನ್ನೊಂದಿಲ್ಲ. ಎರೆಯ ರಾಡಿ ರಿಮ್ಮಿಗೆ ಮೆತ್ತಿದರೆ ಶೂ ಅದನ್ನು ಉಪ್ಪುಕಾಗದದ ಹಾಗೆ ಉಜ್ಜಿ ರಿಮ್ಮನ್ನೇ ತಿನ್ನುತ್ತದೆ. ಡ್ರಮ್ಮಿಗೆ ಆ ಬಾಧೆ ಇಲ್ಲ, ರಿಮ್ ಯಾವುದಿದ್ದರೂ ನಡೆಯುತ್ತದೆ, ಫೋರ್ಕಿನಲ್ಲಿ ತೂತೂ ಬೇಡ. ತೊಡಕು ಇರುವುದು ಅಗಲದಲ್ಲಿ. ಈಗಿನ ಮುಂದಿನ ಹಬ್ಬು ಸಾಮಾನ್ಯವಾಗಿ 100 ಮಿ.ಮೀ., ಹಳೆ ಫೋರ್ಕು ಅದಕ್ಕಿಂತ ಇಕ್ಕಟ್ಟು. ಅಚ್ಚೂ ಹಳೆಯದಕ್ಕಿಂತ ದಪ್ಪ. ಹಳೆಯದು 8 ಮಿ.ಮೀ., ಹೊಸದು 9. ಉಕ್ಕಿನ ಫೋರ್ಕನ್ನು ಕೆಲವು ಮಿ.ಮೀ. ಅಗಲಿಸಬಹುದು, ಕಚ್ಚನ್ನು ಅರದಿಂದ ತುಸು ಉಜ್ಜಬಹುದು. ಆದರೆ ಎರಡು ಕಾಲೂ ಸಮವಾಗಿ ಅಗಲಬೇಕು. ಇಲ್ಲವಾದರೆ ಗಾಲಿ ಸೊಟ್ಟ ಕೂಡುತ್ತದೆ. ಇದನ್ನು ಅನುಭವಿ ಮೇಸ್ತ್ರಿಯ ಕೈಯಲ್ಲೇ ಮಾಡಿಸಿ. ಲೇಡೀಸ್ ಸೈಕಲ್ಲುಗಳ ಹಿಂದಿನ ಗಾಲಿಗೆ ಬರುವ ಬ್ಯಾಂಡ್ ಬ್ರೇಕೂ ಇದೇ ಕುಲದ್ದು, ಅಗ್ಗದ್ದು. ಹಿಂದಿನ ಗಾಲಿಗೆ ಮಾತ್ರ ನಡೆಯುತ್ತದೆ, ಅದಕ್ಕೆ ತಕ್ಕ ಹಬ್ಬೂ ಬೇಕು.

ಡಿಸ್ಕ್ ಬೇಡ

ಹುಡುಗರು ಮೊದಲು ಕೇಳುವುದೇ ಡಿಸ್ಕ್ ಬ್ರೇಕ್. ಹಳೆ ಚೌಕಟ್ಟಿಗೆ ಅದು ಬೇಡ ಎಂದು ಖಡಾಖಂಡಿತ ಹೇಳುತ್ತೇನೆ. ರಿಮ್ ಬ್ರೇಕಿನ ಬಲ ಫೋರ್ಕಿನ ತಲೆಗೆ, ಅಂದರೆ ಅದರ ಅತ್ಯಂತ ಗಟ್ಟಿ ಜಾಗಕ್ಕೆ, ಹೋಗುತ್ತದೆ. ಡಿಸ್ಕಿನ ಬಲ ಫೋರ್ಕಿನ ಎಡಗಾಲಿನ ತುದಿಗೆ, ತೆಳ್ಳಗಿನ ಜಾಗಕ್ಕೆ ಬೀಳುತ್ತದೆ. ಹಳೆ ಫೋರ್ಕಿನ ಕಾಲು ಅದಕ್ಕಾಗಿ ಮಾಡಿದ್ದಲ್ಲ. ಪಟ್ಟಾ ಹಾಕಿ ಕೂಡಿಸುವ ಅಡಾಪ್ಟರ್‌ಗಳು ಮಾರಾಟಕ್ಕಿವೆ, ವೆಲ್ಡಿಂಗ್ ಹೊಡೆದುಕೊಡುವವರೂ ಇದ್ದಾರೆ. ಆ ಬೆಸುಗೆ ನಿಂತಲ್ಲೇ ಬಿರಿಯುವುದಿಲ್ಲ, ಜೋರಾಗಿ ಬ್ರೇಕ್ ಹಿಡಿದ ದಿನ ಬಿರಿಯುತ್ತದೆ. ಡಿಸ್ಕಿನ ಹೊಸ ಫೋರ್ಕನ್ನೇ ಹಾಕೋಣವೆಂದರೆ ಹಳೆ ಚೌಕಟ್ಟಿನ ತಲೆಕೊಳವೆ ಒಂದು ಇಂಚಿನ ಫೋರ್ಕಿಗೆ ಮಾಡಿದ್ದು, ಈಗಿನವು 28.6 ಮಿ.ಮೀ. ಅಥವಾ ಅದಕ್ಕಿಂತ ದಪ್ಪ. ತೂರುವುದೇ ಇಲ್ಲ.

ಕರಿ ಸೈಕಲ್ಲಿಗಿಂತ ಸುಲಭದ ಸೈಕಲ್ಲುಗಳೂ ನಮ್ಮ ಮನೆಗಳಲ್ಲಿವೆ. ರಾಜ್ಯ ಸರ್ಕಾರ 2006-07ರಿಂದ ಎಂಟನೆಯ ತರಗತಿ ಮಕ್ಕಳಿಗೆ ಉಚಿತವಾಗಿ ಕೊಟ್ಟ ಸೈಕಲ್ಲುಗಳು ಗೋಪನಕೊಪ್ಪದಂಥ ಊರಿನಲ್ಲಿ ಇಂದಿಗೂ ಗೋಡೆಗೆ ಒರಗಿ ನಿಂತಿವೆ. ಅವುಗಳ ಬ್ರೇಕು ಹಿಡಿಯುತ್ತಿಲ್ಲ ಎಂದು ಗುಜರಿಗೆ ಹಾಕುವ ಮೊದಲು ಶೂ ಮತ್ತು ವೈರು ನೋಡಿ. ಕಲ್ಲಿನ ಹಾಗೆ ಗಟ್ಟಿಯಾದ ರಬ್ಬರು, ತುಕ್ಕು ಹಿಡಿದ ವೈರು ಬದಲಿಸಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಹಳೆ ಎಂ.ಟಿ.ಬಿ. ಇದ್ದು ಅದರ ಫೋರ್ಕಿನ ಎರಡೂ ಕಾಲಿಗೆ ಬ್ರೇಕಿನ ಗೂಟವಿದ್ದರೆ ನೀವು ಪುಣ್ಯವಂತರು. ಆ ಗೂಟಕ್ಕೆ ವಿ ಬ್ರೇಕ್ ಕೂಡಿಸಬಹುದು. ಅದರ ಜೊತೆಗೆ ವಿ ಬ್ರೇಕಿನ ಹಿಡಿಕೆಯನ್ನೇ ತನ್ನಿ. ವಿ ಬ್ರೇಕಿಗೆ ವೈರು ಉದ್ದ ಎಳೆಯಬೇಕು, ಕ್ಯಾಲಿಪರಿಗೆ ಕಡಿಮೆ. ವಿ ಬ್ರೇಕಿನ ಹಿಡಿಕೆಯನ್ನು ಕ್ಯಾಲಿಪರಿಗೆ ಜೋಡಿಸಿದರೆ ಕೈಗೆ ಗಟ್ಟಿಯಾಗಿ ಸಿಗುತ್ತದೆ, ಗಾಲಿ ಮಾತ್ರ ನಿಲ್ಲುವುದಿಲ್ಲ. ಕೈಗೆ ಗಟ್ಟಿ ಎನಿಸುವ ಬ್ರೇಕೆಲ್ಲ ಒಳ್ಳೆಯ ಬ್ರೇಕಲ್ಲ.

ಕೂಡಿಸುವ ದಿನ

ಬ್ರೇಕ್ ಕಟ್ಟುವ ಮೊದಲು ಚೌಕಟ್ಟಿನ ತಪಾಸಣೆ ಆಗಬೇಕು. ಫೋರ್ಕಿನ ತಲೆ, ಕಾಲುಗಳ ಬುಡ, ತಲೆಕೊಳವೆಯ ಕೂಡುವಿಕೆ – ಈ ಮೂರನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ ಬೆಳಕಿನಲ್ಲಿ ನೋಡಿ. ಬಣ್ಣದ ಮೇಲೆ ಕೂದಲೆಳೆಯಷ್ಟು ಬಿರುಕು, ಅದರಿಂದ ಸೋರಿದ ತುಕ್ಕಿನ ಗೆರೆ ಕಂಡರೆ ಆ ಫೋರ್ಕು ಬೇಡ. ಹ್ಯಾಂಡಲ್ ಹಿಡಿದು ಮುಂದಿನ ಗಾಲಿಯನ್ನು ಹಿಂದೆ ಮುಂದೆ ಅಲ್ಲಾಡಿಸಿ. ಟಕ್ ಟಕ್ ಎಂದರೆ ತಲೆಯ ಛರ್ರಾ ಸವೆದಿವೆ; ಅವನ್ನು ಬದಲಿಸಿ ಬಿಗಿ ಮಾಡಿಸಿ. ಇಲ್ಲದಿದ್ದರೆ ಹೊಸ ಬ್ರೇಕು ಹಿಡಿದಾಗಲೆಲ್ಲ ಸೈಕಲ್ ಗಡಗಡ ನಡುಗುತ್ತದೆ. ಗಾಲಿಯ ಔಟ್ ತೆಗೆಸುವುದೂ ಈಗಲೇ. ರಾಡ್ ಬ್ರೇಕಿಗೆ ಗಾಲಿ ಅತ್ತಿತ್ತ ಓಲಾಡಿದರೆ ಅಷ್ಟೇನೂ ಆಗುತ್ತಿರಲಿಲ್ಲ. ಪಕ್ಕದಿಂದ ಹಿಡಿಯುವ ಬ್ರೇಕಿಗೆ ಒಂದು ಮಿ.ಮೀ.ಗಿಂತ ಹೆಚ್ಚು ಓಲಾಟ ಇರಬಾರದು.

ವೈರಿನ ವಿಷಯದಲ್ಲಿ ಕಟ್ಟುನಿಟ್ಟು ಬೇಕು. ಬ್ರೇಕಿನ ಒಳವೈರು ಸುಮಾರು ಒಂದೂವರೆ ಮಿ.ಮೀ. ದಪ್ಪ, ಗೇರಿನದು 1.2. ಹೊರಗಿನ ಕವಚವೂ ಬೇರೆ. ಬ್ರೇಕಿನ ಕವಚದೊಳಗೆ ಸ್ಪ್ರಿಂಗಿನಂತೆ ಸುತ್ತಿದ ಉಕ್ಕು ಇರುತ್ತದೆ. ಗೇರಿನ ಕವಚದಲ್ಲಿ ಉದ್ದುದ್ದ ಎಳೆಗಳಿದ್ದು ಪ್ಲಾಸ್ಟಿಕ್ ಅವನ್ನು ಹಿಡಿದಿರುತ್ತದೆ; ಬ್ರೇಕಿನ ಎಳೆತಕ್ಕೆ ಅದು ಒಡೆದು ಬಿಚ್ಚಿಕೊಳ್ಳುತ್ತದೆ. ನೋಡಲು ಎರಡೂ ಒಂದೇ. ಅಂಗಡಿಯಲ್ಲಿ ಬಿಡಿ ತುಂಡು ಕೊಟ್ಟರೆ ಕತ್ತರಿಸಿದ ಬಾಯಿ ನೋಡಿಯೇ ಕೊಳ್ಳಿ. ಹಳೆ ಚೌಕಟ್ಟಿಗೆ ವೈರು ನಿಲ್ಲಿಸುವ ಕಿವಿಗಳು ಇರುವುದಿಲ್ಲವಾದ್ದರಿಂದ ಹಿಡಿಕೆಯಿಂದ ಬ್ರೇಕಿನವರೆಗೆ ಕವಚ ಅಖಂಡ ಇರಲಿ. ತಿರುವು ದೊಡ್ಡದಾಗಿ, ಸರಾಗವಾಗಿ ಬರಲಿ, ಹ್ಯಾಂಡಲ್ ಪೂರ್ತಿ ಹೊರಳಿಸಿದಾಗ ವೈರು ಜಗ್ಗಬಾರದು.

ಶೂ ರಿಮ್ಮಿನ ಪಕ್ಕದ ಮಧ್ಯಕ್ಕೆ ಕೂಡಲಿ, ಟಯರಿಗೆ ಎಲ್ಲೂ ತಾಗಬಾರದು, ಕೆಳಗೆ ರಿಮ್ ಬಿಟ್ಟು ಇಳಿಯಲೂಬಾರದು. ಶೂವಿನ ಮುಂತುದಿ ಹಿಂತುದಿಗಿಂತ ಒಂದು ಮಿ.ಮೀ. ಮುಂಚೆ ರಿಮ್ಮಿಗೆ ತಾಗುವಂತೆ ವಾಲಿಸಿದರೆ ಕಿರಿಚುವುದಿಲ್ಲ. ಅದಕ್ಕೆ ಒಂದು ಪೋಸ್ಟ್ ಕಾರ್ಡು ಮಡಚಿ ಹಿಂತುದಿಗೆ ಇಟ್ಟು ಬಿಗಿದರೆ ಆಯಿತು. ಬಿಟ್ಟಾಗ ಎರಡೂ ಕಡೆ ಎರಡು ಮಿ.ಮೀ. ಜಾಗವಿರಲಿ.

ರಸ್ತೆಗೆ ಇಳಿಯುವ ಮೊದಲು ನಿಂತಲ್ಲೇ ಪರೀಕ್ಷಿಸಿ. ಹಿಡಿಕೆಯನ್ನು ಮೈಯಲ್ಲಿರುವ ಶಕ್ತಿಯಿಂದ ಹತ್ತು ಸಲ ಒತ್ತಿ. ವೈರು ಜಾರುವುದಿದ್ದರೆ ಮನೆ ಅಂಗಳದಲ್ಲೇ ಜಾರಲಿ. ಆಮೇಲೆ ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಮುಂದಕ್ಕೆ ನೂಕಿ: ಹಿಂದಿನ ಗಾಲಿ ನೆಲ ಬಿಟ್ಟು ಏಳಬೇಕು. ಹಿಂದಿನದನ್ನು ಹಿಡಿದು ನೂಕಿದರೆ ಗಾಲಿ ತಿರುಗದೆ ತೆವಳಬೇಕು. ನಂತರ ಖಾಲಿ ಬಯಲಿನಲ್ಲಿ ಮೆಲ್ಲಗೆ, ಆಮೇಲೆ ಜೋರಾಗಿ, ಆಮೇಲೆ ರಿಮ್ಮಿಗೆ ಒಂದು ತಂಬಿಗೆ ನೀರು ಹಾಕಿ ಹೊಡೆದು ನೋಡಿ. ಹೊಸ ಬ್ರೇಕಿಗೆ ಕೈ ಹೊಂದಿಕೊಳ್ಳಲು ಎರಡು ಮೂರು ದಿನ ಬೇಕು. ಅಲ್ಲಿಯವರೆಗೆ ಕ್ಯಾರಿಯರ್ ಮೇಲೆ ಯಾರನ್ನೂ ಕೂಡಿಸಬೇಡಿ. ಒಂದು ನೂರು ಕಿ.ಮೀ. ಓಡಿದ ಮೇಲೆ ವೈರು ತುಸು ಸಡಿಲಾಗುತ್ತದೆ, ಬೋಲ್ಟುಗಳೂ ಕೂತುಕೊಳ್ಳುತ್ತವೆ. ಆಗ ಪಾನಾ ಹಿಡಿದು ಮತ್ತೊಮ್ಮೆ ಬಿಗಿಯಿರಿ.

ಬಿಚ್ಚಿದ ಸಲಾಕೆ, ಕೊಂಡಿ, ಹಿಡಿಕೆಗಳನ್ನು ಮಾರಬೇಡಿ. ಎಣ್ಣೆ ಸವರಿ ಹಳೆ ಪೇಪರಿನಲ್ಲಿ ಸುತ್ತಿ ಇಡಿ. ಚೌಕಟ್ಟಿಗೆ ಡ್ರಿಲ್ಲೂ ವೆಲ್ಡಿಂಗೂ ಮುಟ್ಟಿರದಿದ್ದರೆ ಯಾವಾಗ ಬೇಕಾದರೂ ಸೈಕಲ್ಲನ್ನು ಮೊದಲಿನಂತೆ ಮಾಡಬಹುದು. ಆ ಬ್ರೇಕು ನಮ್ಮ ಹಿರಿಯರನ್ನು ದಶಕಗಳ ಕಾಲ ಹೊತ್ತು ತಂದಿದೆ. ವೈರು ಸಿಗದ ಊರಿನಲ್ಲೂ ಸುತ್ತಿಗೆ ಪಕ್ಕಡ ಇದ್ದರೆ ರಿಪೇರಿಯಾಗುತ್ತಿದ್ದ ಗಟ್ಟಿ ವಸ್ತು ಅದು.

ಕೈಯಲ್ಲಿರುವ ಹಣ ಒಂದೇ ಗಾಲಿಗೆ ಸಾಕಾಗುವುದಾದರೆ ಮುಂದಿನ ಗಾಲಿಗೆ ಹಾಕಿ. ಮಿರಗಾ ಮಳೆ ಹಿಡಿಯುವುದರೊಳಗೆ ಹಾಕಿ.